ಮೋಡದ ದಿನದ ಬೆಳಕು ಯಾರ ಹೊಣೆ?

ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿಕೊಂಡ ಮನೆಗಳೂ ಅಂಗಡಿಗಳೂ ನಮ್ಮ ಕಡೆ ದಿನೇ ದಿನೇ ಹೆಚ್ಚುತ್ತಿವೆ. ಗಿರಣಿಯಿಂದ ನಿವೃತ್ತರಾದವರು ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಹಾಕಿದ್ದಾರೆ. ದರ್ಜಿಗಳು, ಕಿರಾಣಿ ಅಂಗಡಿಯವರು, ಹಿಟ್ಟಿನ ಗಿರಣಿಯವರು ಸಾಲ ಮಾಡಿ ಹಾಕಿಸಿದ್ದಾರೆ. ಬೇಸಿಗೆಯಲ್ಲಿ ಇವರೆಲ್ಲರ ಮುಖದಲ್ಲಿ ಗೆಲುವು. ಆರಿದ್ರಾ ಮಳೆ ಹಿಡಿದು ವಾರಗಟ್ಟಲೆ ಸೂರ್ಯನ ಮುಖ ಕಾಣದಂತಾದಾಗ ಆ ಗೆಲುವು ಮಾಯವಾಗುತ್ತದೆ. ಬಿಲ್ಲು ಏರುತ್ತದೆ, ಬ್ಯಾಟರಿ ಸಂಜೆಗೇ ಸೋಲುತ್ತದೆ. ಸಾಲದ ಕಂತಿಗೆ ಮಾತ್ರ ಮೋಡವೂ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ. ತಿಂಗಳ ತಾರೀಖಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಾವು ಮೋಸ ಹೋದೆವೇ?

ಈ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಫಲಕ ಮೋಸ ಮಾಡಲಿಲ್ಲ, ಸೂರ್ಯನೂ ಮಾಡಲಿಲ್ಲ. ಮೋಡದ ದಿನದ ಕೊರತೆಯನ್ನು ಒಂದೊಂದು ಮನೆಯೂ ತಾನೇ ಒಂಟಿಯಾಗಿ ತುಂಬಿಕೊಳ್ಳಬೇಕು ಎಂಬ ಮಾತಿದೆಯಲ್ಲ, ಅದು ಮೋಸ. ಅದು ಲೆಕ್ಕಕ್ಕೂ ನಿಲ್ಲುವುದಿಲ್ಲ, ನ್ಯಾಯಕ್ಕೂ ನಿಲ್ಲುವುದಿಲ್ಲ. ಹೇಗೆಂಬುದನ್ನು ಓದುಗ ಬಂಧುಗಳ ಮುಂದೆ ಹಂತ ಹಂತವಾಗಿ ಇಡುತ್ತೇವೆ.

ಮೊದಲು ಫಲಕದ ಗುಣವನ್ನು ತಿಳಿಯೋಣ. ಒಂದು ಕಿಲೋವ್ಯಾಟ್ ಫಲಕ ಎಂದರೆ, ಒಂದು ಚದರ ಮೀಟರಿನ ಮೇಲೆ ಸಾವಿರ ವ್ಯಾಟ್ ಬಿಸಿಲು ಬಿದ್ದು, ಫಲಕ 25 ಡಿಗ್ರಿಯಷ್ಟು ತಂಪಾಗಿದ್ದರೆ ಕೊಡಬಹುದಾದ ಶಕ್ತಿ. ಇದು ಪ್ರಯೋಗಶಾಲೆಯ ಅಳತೆ. ನಮ್ಮ ನಾಡಿನಲ್ಲಿ ವರ್ಷದ ಸರಾಸರಿ ತೆಗೆದರೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ಟು. 3 ಕಿಲೋವ್ಯಾಟಿಗೆ 12 ಯೂನಿಟ್ಟು. ಇದು ಸರಾಸರಿ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮೋಡ ಕವಿದಾಗಲೂ ಫಲಕ ಸಾಯುವುದಿಲ್ಲ. ಚದುರಿದ ಬೆಳಕಿನಲ್ಲೂ ಅಷ್ಟಿಷ್ಟು ಕೊಡುತ್ತದೆ. ಆದರೆ ದಟ್ಟ ಮೋಡದ ದಿನ ಅದು ಕಾಲು ಪಾಲಿಗೆ ಇಳಿಯಬಹುದು, ಹಗಲಿಡೀ ಜಡಿಮಳೆ ಹಿಡಿದರೆ ಹತ್ತರಲ್ಲಿ ಒಂದು ಪಾಲಿಗೂ ಇಳಿಯಬಹುದು. 12 ಯೂನಿಟ್ಟಿನ ಜಾಗದಲ್ಲಿ ಮೂರೋ ಒಂದೂಕಾಲೋ ಬಂದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಹಾಗಾದರೆ ಚಳಿಗಾಲದಲ್ಲಿ? ನಮ್ಮಲ್ಲಿ ಚಳಿಗಾಲ ಸೌರಶಕ್ತಿಗೆ ಶತ್ರುವಲ್ಲ. ಡಿಸೆಂಬರಿನಲ್ಲಿ ಹಗಲು ಸುಮಾರು ಹನ್ನೊಂದೂಕಾಲು ಗಂಟೆಗೆ ಇಳಿಯುತ್ತದೆ, ನಿಜ. ಆದರೆ ಆಕಾಶ ನಿಚ್ಚಳ, ಹವೆ ತಂಪು. ಫಲಕ ಕಾದಷ್ಟೂ ಅದರ ಶಕ್ತಿ ಕುಗ್ಗುವುದರಿಂದ ತಂಪು ಹವೆ ಅದಕ್ಕೆ ಒಗ್ಗುತ್ತದೆ. ಕೆಡಿಸುವುದು ಬಂಗಾಳ ಕೊಲ್ಲಿಯ ಚಂಡಮಾರುತ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ದಕ್ಷಿಣ ಒಳನಾಡಿನ ಮೇಲೆ ಕೆಲವು ದಿನ ಮೋಡ ಮುಚ್ಚಿಸಿ ಮಳೆ ಸುರಿಸಿತು. ಹೀಗೆ ನಮ್ಮವರಿಗೆ ಎರಡು ಕತ್ತಲ ಗಳಿಗೆಗಳು: ಒಂದು ಮುಂಗಾರಿನ ಉದ್ದನೆಯದು, ಇನ್ನೊಂದು ಚಳಿಗಾಲದ ಬಾಗಿಲಿನ ಗಿಡ್ಡದು.

ಈ ಸಂಗತಿಯನ್ನು ಮಾರುವವರು ಮೊದಲೇ ಹೇಳಬೇಕಾಗಿತ್ತು. ಎಷ್ಟು ಮಂದಿ ಹೇಳುತ್ತಾರೆ? ತೋರಿಸುವ ಪಟ್ಟಿಯಲ್ಲಿ ಇರುವುದು ವರ್ಷದ ಮೊತ್ತ, ಇಲ್ಲವೇ ಏಪ್ರಿಲ್ ತಿಂಗಳ ದಿನದ ಲೆಕ್ಕ. ತಿಂಗಳುವಾರು ಪಟ್ಟಿಯನ್ನು ಬರೆದು ಕೊಡಿ ಎಂದು ಗಿರಾಕಿ ಕೇಳಬೇಕು. ಕೊಡದವರ ಹತ್ತಿರ ವ್ಯಾಪಾರ ಬೇಡ.

ಇನ್ನೊಂದು ಮಾತನ್ನೂ ಬಾಯಿಬಿಟ್ಟು ಹೇಳುವವರು ಕಡಿಮೆ. ಬ್ಯಾಟರಿಯಿಲ್ಲದೆ ನೇರವಾಗಿ ಸರಬರಾಜು ತಂತಿಗೆ ಜೋಡಿಸಿದ ಸೌರ ಘಟಕ, ಊರಿನ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿದ್ದರೂ ನಿಲ್ಲುತ್ತದೆ. ಇದು ದೋಷವಲ್ಲ, ರಕ್ಷಣೆ. ಕಂಬದ ಮೇಲೆ ತಂತಿ ಸರಿಪಡಿಸುತ್ತಿರುವ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯಬಾರದೆಂದು ಹಾಗೆ ಮಾಡಲಾಗಿದೆ. ಅವನೂ ನಮ್ಮಂತೆಯೇ ದುಡಿದು ತಿನ್ನುವವನು. ಆದರೆ ಈ ವಿಷಯ ತಿಳಿಯದೆ, ಮಳೆಗಾಲದಲ್ಲಿ ಕರೆಂಟು ಹೋದಾಗ ಫಲಕವೇ ಕಾಪಾಡುತ್ತದೆಂದು ನಂಬಿ ಸಾಲ ಮಾಡಿದವನ ಗತಿಯೇನು?

ಈಗ, ಮನೆಯವರು ಮಾಡಬಹುದಾದ್ದು ಏನು ಎಂಬುದಕ್ಕೆ ಬರೋಣ. ಸಮಾಜ ಬದಲಾಗಲಿ ಎಂದು ಕೈಕಟ್ಟಿ ಕೂಡುವ ಮಾತನ್ನು ನಾವು ಎಂದೂ ಆಡಿದವರಲ್ಲ. ಕೈಲಾದ್ದನ್ನು ಇಂದೇ ಮಾಡಬೇಕು.

ಒಂದನೆಯದು, ದೊಡ್ಡ ಹೊಟ್ಟೆಯ ಯಂತ್ರಗಳನ್ನು ಗುರುತಿಸುವುದು. ಎರಡು ಸಾವಿರ ವ್ಯಾಟಿನ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್ಟು ಮುಗಿಯಿತು. ಅದೇ ಒಂದು ಯೂನಿಟ್ಟಿನಲ್ಲಿ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ನೂರು ಗಂಟೆಗೂ ಮೇಲೆ ಬೆಳಗುತ್ತದೆ. ಮೋಡದ ವಾರದಲ್ಲಿ ಸ್ನಾನದ ನೀರಿಗೆ ಹಂಡೆಯ ಒಲೆ ಇದ್ದವರು ಅದನ್ನು ಹಚ್ಚಲಿ. ಇಸ್ತ್ರಿಯನ್ನು ಬಿಸಿಲಿನ ದಿನಕ್ಕೆ ಕೂಡಿಡಬಹುದು. ಹಳೆಯ ಫ್ಯಾನು ಎಪ್ಪತ್ತು ಎಪ್ಪತ್ತೈದು ವ್ಯಾಟು ತಿಂದರೆ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು ಮೂವತ್ತರ ಆಸುಪಾಸಿನಲ್ಲಿ ತಿರುಗುತ್ತದೆ. ಇನ್ನೊಂದು ಫಲಕ ಕೊಳ್ಳುವ ಮೊದಲು ಹಳೆಯ ಫ್ಯಾನು ಬದಲಿಸುವುದು ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು; ಮೋಡದ ದಿನ ಹಾಸಿಗೆಯೇ ಗಿಡ್ಡವಾಗುತ್ತದೆ.

ಎರಡನೆಯದು, ನೆರಳು ಮತ್ತು ಧೂಳು. ಫಲಕಗಳನ್ನು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೂಲೆಗೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲು ಸೊರಗಬಹುದು. ಒಂದು ಎತ್ತು ಕುಂಟಿದರೆ ಗಾಡಿಯೇ ನಿಧಾನ, ಹಾಗೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ದಾವಣಗೆರೆಯ ನೇರಕ್ಕೆ ಡಿಸೆಂಬರ್ 21ರ ಮಧ್ಯಾಹ್ನವೂ ಅವನ ಎತ್ತರ ಸುಮಾರು 52 ಡಿಗ್ರಿ ಮಾತ್ರ. ಬೇಸಿಗೆಯಲ್ಲಿ ತೊಂದರೆ ಕೊಡದ ನೀರಿನ ಟ್ಯಾಂಕಿನ ನೆರಳು ಆಗ ಉದ್ದವಾಗಿ ಉತ್ತರಕ್ಕೆ ಚಾಚಿ ಫಲಕದ ಮೇಲೆ ಬೀಳುತ್ತದೆ. ಹಾಕಿಸುವಾಗಲೇ ಇದನ್ನು ನೋಡಬೇಕು. ಅಕ್ಕಿ ಗಿರಣಿಗಳ ಸುತ್ತಮುತ್ತ ಇರುವವರಿಗೆ ಉಮಿಯ ಬೂದಿಯ ಕಾಟ ಬೇರೆ. ಮಳೆ ಬಂದರೆ ಅದೇ ತೊಳೆಯುತ್ತದೆ; ಮಳೆಯಿಲ್ಲದ ಚಳಿಗಾಲದಲ್ಲಿ ಬೆಳಗಿನ ತಂಪಿನಲ್ಲಿ ನೀರು ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕಾದ ಗಾಜಿಗೆ ನಡುಮಧ್ಯಾಹ್ನ ತಣ್ಣೀರು ಎರಚಬಾರದು.

ಮೂರನೆಯದು, ಬ್ಯಾಟರಿ ಇದ್ದವರ ಎಚ್ಚರ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡುತ್ತಾ ಹೋದರೆ ಅದರ ಆಯುಸ್ಸು ಬೇಗ ತೀರುತ್ತದೆ. ಮೋಡದ ವಾರವಿಡೀ ಬರಿದಾಗಿ ಬಿಟ್ಟರಂತೂ ಒಳಗಿನ ತಗಡುಗಳೇ ಕೆಡುತ್ತವೆ. ಅಂಥ ದಿನಗಳಲ್ಲಿ ಊರಿನ ಕರೆಂಟಿನಿಂದ ಅದನ್ನು ತುಂಬಿಸಿಡಬೇಕು, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿಕೊಳ್ಳಬೇಕು. ಬೀಸುವ, ರುಬ್ಬುವ, ನೀರೆತ್ತುವ ಕೆಲಸಗಳನ್ನು ಹತ್ತು ಗಂಟೆಯಿಂದ ಮೂರು ಗಂಟೆಯೊಳಗೆ ಮುಗಿಸಿ, ಬ್ಯಾಟರಿಯನ್ನು ರಾತ್ರಿಯ ದೀಪಕ್ಕೂ ಮಕ್ಕಳ ಓದಿಗೂ ಮೀಸಲಿಡಬೇಕು.

ಇಷ್ಟನ್ನೆಲ್ಲ ಮಾಡಿದರೂ ಕೊರತೆ ಉಳಿಯುತ್ತದೆ. ಆಗ ಮಾರುವವನು ಬಂದು ಹೇಳುತ್ತಾನೆ: "ಯಜಮಾನ್ರೇ, ಇನ್ನೊಂದಷ್ಟು ಬ್ಯಾಟರಿ ಹಾಕಿಸಿಬಿಡಿ, ಯಾರ ಹಂಗೂ ಬೇಡ." ಈ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಮನೆಯೂ ಅಂಗಡಿಯೂ ಸೇರಿ ದಿನಕ್ಕೆ 8 ಯೂನಿಟ್ಟು ಬೇಕೆನ್ನಿ. ಮೋಡದ ದಿನ ಮಾಳಿಗೆಯಿಂದ ಬಂದದ್ದು 3. ಕೊರತೆ 5. ಮನೆಗಳಲ್ಲಿ ಯುಪಿಎಸ್‌ಗೆ ಇಡುವ 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್ಟು, ಅರ್ಧವನ್ನೇ ಬಳಸಬೇಕೆಂದರೆ 0.9. ಒಂದು ದಿನದ ಕೊರತೆಗೆ ಆರು ಬ್ಯಾಟರಿ. ಮೂರು ದಿನ ಮೋಡ ಕೂತರೆ ಹದಿನೇಳು. ಮುಂಗಾರಿನಲ್ಲಿ ಮೋಡ ಮೂರೇ ದಿನಕ್ಕೆ ಹೋಗುತ್ತದೆಯೇ? ಹೋಯಿತೆಂದೇ ಇಟ್ಟುಕೊಳ್ಳಿ. ನಾಲ್ಕನೆಯ ದಿನ ಬಿಸಿಲು ಬಿದ್ದು 12 ಯೂನಿಟ್ಟು ಬಂತು. 8 ಅಂದಿನ ಖರ್ಚಿಗೆ, ಉಳಿದದ್ದು 4. ಬರಿದಾದ 15 ಯೂನಿಟ್ಟು ತುಂಬಲು ಇಂಥ ನಾಲ್ಕು ದಿನ ಬಿಸಿಲು ಬೇಕು. ಅಷ್ಟರೊಳಗೆ ಮತ್ತೆ ಮೋಡ. ಲಿಥಿಯಂ ಬ್ಯಾಟರಿಯಾದರೆ ಸಂಖ್ಯೆ ಕಡಿಮೆಯಾಗುತ್ತದೆ. ಆದರೆ ಕೈಯಿಂದ ಹೋಗುವ ಹಣ ದೊಡ್ಡದು, ತುಂಬುವ ಬಿಸಿಲಿನ ಲೆಕ್ಕ ಅದೇ. ಬ್ಯಾಟರಿ ಒಂದು ರಾತ್ರಿ ದಾಟಿಸುವ ದೋಣಿ. ಋತುವೊಂದನ್ನು ದಾಟಿಸುವ ಹಡಗಲ್ಲ.

ಹಾಗಾದರೆ ಋತುವನ್ನು ದಾಟಿಸುವುದು ಯಾವುದು? ನಮ್ಮ ರೈತರನ್ನು ಕೇಳಿ. ನಾಟಿಯ ಕಾಲದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಇಂದು ನಿನಗೆ, ನಾಳೆ ನನಗೆ. ನಿವ್ವಳ ಮೀಟರು ಎಂಬುದೂ ಇಂಥ ಮುಯ್ಯಿಯೇ. ಬಿಸಿಲಿದ್ದಾಗ ನಮ್ಮಲ್ಲಿ ಉಕ್ಕಿದ ಯೂನಿಟ್ಟು ತಂತಿಯ ಮೂಲಕ ಹೊರಗೆ ಹೋಗಿ ಪಕ್ಕದ ಗಿರಣಿಯನ್ನು ಓಡಿಸುತ್ತದೆ. ಬೇಕಾದಾಗ ಹೊರಗಿನ ಯೂನಿಟ್ಟು ನಮ್ಮ ಮನೆಗೆ ಬರುತ್ತದೆ. ಮೀಟರು ಎರಡನ್ನೂ ಬರೆದಿಟ್ಟು ವ್ಯತ್ಯಾಸ ತೋರಿಸುತ್ತದೆ. ಊರಿಗೊಂದು ಹಗೇವು ಇದ್ದಂತೆ, ನಾಡಿಗೊಂದು ವಿದ್ಯುಜ್ಜಾಲ.

ಈ ಹಗೇವನ್ನು ಮೋಡದ ದಿನ ತುಂಬುವವರು ಯಾರು? ಇಲ್ಲಿಯೇ ಕರ್ನಾಟಕದ ಭಾಗ್ಯವಿದೆ. ಸೂರ್ಯನನ್ನು ಮುಚ್ಚುವ ಮುಂಗಾರೇ ಆಷಾಢದ ಗಾಳಿಯನ್ನೂ ತರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ವರ್ಷದಲ್ಲೇ ಅತಿ ಹೆಚ್ಚು ತಿರುಗುತ್ತವೆ. ಅದೇ ಮಳೆ ಲಿಂಗನಮಕ್ಕಿಯನ್ನು ತುಂಬುತ್ತದೆ. ಶರಾವತಿಯ 1035 ಮೆಗಾವ್ಯಾಟಿನ ಕೇಂದ್ರ ಬೇಕೆಂದಾಗ ನೀರು ಬಿಟ್ಟು ವಿದ್ಯುತ್ತು ಕೊಡಬಲ್ಲದು. ಮೋಡ ಸರಿದಾಗ ಪಾವಗಡದ 2050 ಮೆಗಾವ್ಯಾಟಿನ ಸೌರ ಪಾರ್ಕೂ ನಮ್ಮ ಮಾಳಿಗೆಗಳೂ ಕೊಡುತ್ತವೆ, ಆಗ ಅಣೆಕಟ್ಟಿನ ನೀರು ಉಳಿಯುತ್ತದೆ. ಬಿಸಿಲು, ಗಾಳಿ, ನೀರು ಮೂರೂ ಒಬ್ಬರಿಗೊಬ್ಬರು ಮುಯ್ಯಾಳುಗಳು. ಒಂಟಿ ಮನೆಗೆ ಆಷಾಢ ಕೊರತೆಯ ತಿಂಗಳು. ಇಡೀ ನಾಡಿಗೆ ಅದು ಬೇರೆ ಬಗೆಯ ಸುಗ್ಗಿ.

ಮಳೆಯೇ ಬಾರದಿದ್ದರೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. 2023ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟುಗಳು ತುಂಬಲಿಲ್ಲ. ಆ ಅಕ್ಟೋಬರಿನಲ್ಲಿ ವಿದ್ಯುತ್ತಿನ ಅಭಾವ ಎಷ್ಟಾಯಿತೆಂದರೆ, ವಿದ್ಯುಚ್ಛಕ್ತಿ ಕಾಯಿದೆಯ 11ನೆಯ ಕಲಮಿನ ಪ್ರಕಾರ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ತು ಕೊಡಬೇಕೆಂದು ಸರ್ಕಾರ ಅಪ್ಪಣೆ ಮಾಡಬೇಕಾಯಿತು. ಇದರಿಂದ ಕಲಿಯಬೇಕಾದ್ದೇನು? ಹಗೇವು ಬೇಡವೆಂದಲ್ಲ, ಅದರ ಬೀಗದ ಕೈ ಜನರ ಬಳಿ ಇರಬೇಕೆಂದು. ಕಷ್ಟದ ದಿನ ಬಂದಾಗ ಲಾಭಕ್ಕೆ ಕೂತವನಿಗೆ ಅಪ್ಪಣೆ ಕೊಡುವ ಅಧಿಕಾರ ಸಮಾಜಕ್ಕೆ ಇದ್ದದ್ದರಿಂದಲೇ ಸರ್ಕಾರಕ್ಕೆ ಅಷ್ಟಾದರೂ ಮಾಡಲು ದಾರಿಯಿತ್ತು.

ದೂರದ ಜರ್ಮನಿಯ ಉದಾಹರಣೆಯೂ ಇದನ್ನೇ ಹೇಳುತ್ತದೆ. ಸೌರ ಫಲಕಗಳಿಗೆ ಹೆಸರಾದ ದೇಶ ಅದು. ಆದರೆ ಬರ್ಲಿನ್ ನಗರದಲ್ಲಿ ಡಿಸೆಂಬರ್ 21ರಂದು ಹಗಲು ಎಂಟು ಗಂಟೆಯೂ ಇಲ್ಲ. ನಡುಹಗಲಿನ ಸೂರ್ಯ ದಿಗಂತದಿಂದ 14 ಡಿಗ್ರಿಯಷ್ಟೇ ಏರುತ್ತಾನೆ. ಅದರ ಮೇಲೆ ಮೋಡ, ಅದರ ಮೇಲೆ ಗಾಳಿಯೂ ನಿಶ್ಚಲ. ಕತ್ತಲೂ ಗಾಳಿಯಿಲ್ಲದ ಸ್ತಬ್ಧತೆಯೂ ಕೂಡಿದ ಇಂಥ ದಿನಗಳಿಗೆ ಆ ಜನ ಡುಂಕೆಲ್‌ಫ್ಲೌಟೆ ಎಂದು ಹೆಸರನ್ನೇ ಇಟ್ಟಿದ್ದಾರೆ. 2024ರ ಡಿಸೆಂಬರ್ 12ರಂದು ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಒಂದು ಗಂಟೆಯ ವಿದ್ಯುತ್ತಿನ ಬೆಲೆ ಸಾವಿರ ಯೂನಿಟ್ಟಿಗೆ 936 ಯೂರೋ ಮುಟ್ಟಿತು. ನಮ್ಮ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಎಂಬತ್ತು ರೂಪಾಯಿಗೂ ಮೇಲೆ! ಗೊತ್ತಾದ ದರದ ಕರಾರಿದ್ದ ಮನೆಗಳಿಗೆ ಆ ಏಟು ನೇರವಾಗಿ ತಟ್ಟಲಿಲ್ಲ. ಗಂಟೆಗಂಟೆಯ ಮಾರುಕಟ್ಟೆ ದರಕ್ಕೆ ಕಟ್ಟಿಬಿದ್ದವರಿಗೆ ತಟ್ಟಿತು. ಬರಗಾಲದಲ್ಲಿ ಕಾಳಿನ ಬೆಲೆ ಏರುವುದನ್ನು ಕಂಡ ನಮಗೆ ಇದು ಹೊಸ ಪಾಠವಲ್ಲ. ಕತ್ತಲ ದಿನ ಸಂತೆಯ ಕೈಗೆ ಸಿಕ್ಕರೆ ಬೆಳಕಿಗೂ ಕಾಳಸಂತೆಯ ಬೆಲೆ.

ಇನ್ನು ನ್ಯಾಯದ ಮಾತು. ಹಣವಂತ ಬಂಗಲೆಯವನು ಮಾಳಿಗೆ ತುಂಬ ಫಲಕ ಹಾಸಿ, ಕೋಣೆ ತುಂಬ ಬ್ಯಾಟರಿ ಇಟ್ಟು, "ನನಗೆ ಊರ ತಂತಿ ಬೇಡ" ಎನ್ನಬಲ್ಲ. ಅವನು ಹೊರಟುಹೋದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ಖರ್ಚು ಯಾರ ತಲೆಗೆ? ಉಳಿದವರ ತಲೆಗೆ. ಸಾಲುಮನೆಯಲ್ಲಿ, ವಠಾರದಲ್ಲಿ ಬಾಡಿಗೆಗಿರುವ ಗಿರಣಿ ಕಾರ್ಮಿಕನಿಗೆ ತನ್ನದೆನ್ನುವ ಮಾಳಿಗೆಯೇ ಇಲ್ಲ. ಫಲಕ ಎಲ್ಲಿ ಹಾಕಿಯಾನು? 2024ರಲ್ಲಿ ಕೇಂದ್ರ ಸರ್ಕಾರ ಒಂದು ಕೋಟಿ ಮನೆಗಳ ಗುರಿಯಿಟ್ಟು ತಂದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತಾಯಿತು. ಅದು ಮಾಳಿಗೆಯುಳ್ಳ ಮನೆಗೆ. 2023ರಲ್ಲಿ ರಾಜ್ಯ ಸರ್ಕಾರ ತಂದ ಗೃಹಜ್ಯೋತಿ 200 ಯೂನಿಟ್ಟಿನವರೆಗೆ ಮನೆಯ ಬಿಲ್ಲಿನ ಭಾರ ಇಳಿಸಿತು, ಅದೂ ಮನೆಗೆ. ಬೀದಿಯ ಪುಟ್ಟ ಅಂಗಡಿಯವನು ಎರಡಕ್ಕೂ ಹೊರಗೆ. ಮೋಡದ ತಿಂಗಳಲ್ಲಿ ಅವನು ವ್ಯಾಪಾರದ ದರದ ಬಿಲ್ಲನ್ನೂ ಸಾಲದ ಕಂತನ್ನೂ ಒಟ್ಟಿಗೆ ಹೊರುತ್ತಾನೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ನಿವ್ವಳ ಮೀಟರಿನ ಲೆಕ್ಕ ಇಡೀ ವರ್ಷಕ್ಕೆ ಆಗಬೇಕು. ಚೈತ್ರದಲ್ಲಿ ಕೊಟ್ಟ ಯೂನಿಟ್ಟು ಆಷಾಢದಲ್ಲಿ ಯೂನಿಟ್ಟಾಗಿಯೇ ಹಿಂದಿರುಗಬೇಕು. ಫಲಕದ ಸಾಲದ ಕಂತನ್ನು ಋತುಮಾನ ನೋಡಿ ಗೊತ್ತುಮಾಡಬೇಕು. ರೈತನ ಸಾಲವನ್ನು ಸುಗ್ಗಿ ನೋಡಿ ವಸೂಲು ಮಾಡುವ ಪದ್ಧತಿ ಸಹಕಾರ ಸಂಘಗಳಿಗೆ ಹೊಸದೇನಲ್ಲ. ಮಾರುವವರು ತಿಂಗಳುವಾರು ಉತ್ಪಾದನೆಯ ಪಟ್ಟಿಯನ್ನು ಸಹಿ ಹಾಕಿ ಕೊಡುವುದು ಕಡ್ಡಾಯವಾಗಬೇಕು. ಶಾಲೆ, ಮಾರುಕಟ್ಟೆ, ಎಪಿಎಂಸಿ ಗೋದಾಮುಗಳ ಮಾಳಿಗೆಯ ಮೇಲೆ ಸಹಕಾರ ಸಂಘಗಳು ಫಲಕ ಹಾಕಿ, ಮಾಳಿಗೆಯಿಲ್ಲದ ಕಾರ್ಮಿಕನೂ ಪಾಲು ಕೊಂಡು ತನ್ನ ಬಿಲ್ಲಿನಲ್ಲಿ ಅದರ ಯೂನಿಟ್ಟನ್ನು ಕಳೆಯುವಂತಾಗಬೇಕು. ಇದು ಕನಸಲ್ಲ. ದೂರದಲ್ಲಿ ಹಾಕಿದ ಫಲಕದ ಪಾಲನ್ನು ಹಲವರ ಬಿಲ್ಲಿಗೆ ಹಂಚುವ ನಿಯಮವನ್ನು ದೆಹಲಿ 2019ರಲ್ಲೇ ಮಾಡಿತು. ವಿದ್ಯುತ್ ಹಂಚುವ ಕೆಲಸ ಸಹಕಾರಿಗಳಿಗೆ ಆಗದೆನ್ನುವವರು 1969ರಲ್ಲಿ ಹುಟ್ಟಿದ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ನೋಡಿ ಬರಲಿ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಸಾಮೂಹಿಕ ಹಗೇವು ಎಂದೊಡನೆ ಎಲ್ಲವೂ ನ್ಯಾಯವಾಯಿತೆಂದಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಎಷ್ಟೋ ಕುಟುಂಬಗಳ ಭೂಮಿಯ ಹಕ್ಕಿನ ತಕರಾರು ಅರವತ್ತು ವರ್ಷ ಕಳೆದರೂ ತೀರಲಿಲ್ಲ. ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವ 2000 ಮೆಗಾವ್ಯಾಟಿನ ಯೋಜನೆಯನ್ನು ಅದೇ ಶರಾವತಿ ಕಣಿವೆಗೆ ತರಲು ಹೊರಟಾಗ, ಸಿಂಗಳೀಕಗಳ ಅಭಯಾರಣ್ಯಕ್ಕೂ ಕಣಿವೆಯ ಜನಕ್ಕೂ ಕುತ್ತೆಂದು ವಿರೋಧ ಎದ್ದಿತು. ನಮ್ಮ ಮೋಡದ ದಿನದ ದೀಪಕ್ಕೆ ಇನ್ನೊಬ್ಬರ ಮನೆಯನ್ನು ಎರಡನೆಯ ಸಲ ಕತ್ತಲು ಮಾಡುವುದು ಸಮಾಜವಾದವಲ್ಲ. ಹಗೇವು ಎಲ್ಲರದಾದರೆ ಅದಕ್ಕೆ ತೆರುವ ಬೆಲೆಯೂ ಎಲ್ಲರದಾಗಬೇಕು.

ಗಿರಣಿಯ ಸಂಗಾತಿಗಳೇ, ಅಂಗಡಿಯ ಬಂಧುಗಳೇ, ಗೀಸರು ಆರಿಸುವುದು ನಮ್ಮ ಕೈಯಲ್ಲಿದೆ, ಇಂದೇ ಆರಿಸೋಣ. ಫಲಕ ಒರೆಸುವುದು ನಮ್ಮ ಕೈಯಲ್ಲಿದೆ, ನಾಳೆ ಬೆಳಿಗ್ಗೆ ಒರೆಸೋಣ. ವರ್ಷದ ಲೆಕ್ಕವನ್ನೂ ಋತುಮಾನದ ಕಂತನ್ನೂ ಸಹಕಾರದ ಮಾಳಿಗೆಯನ್ನೂ ಒಬ್ಬೊಬ್ಬರೇ ಹೋಗಿ ಕೇಳಿದರೆ ಸಿಕ್ಕದು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಗೊತ್ತುಮಾಡುವ ಮೊದಲು ಸಾರ್ವಜನಿಕರ ಅಹವಾಲು ಕೇಳುತ್ತದೆ. ಅಲ್ಲಿಗೆ ಕಾರ್ಮಿಕ ಸಂಘವೂ ವರ್ತಕರ ಸಂಘವೂ ತಮ್ಮ ತಮ್ಮ ಮೋಡದ ತಿಂಗಳಿನ ಬಿಲ್ಲುಗಳನ್ನು ಕಟ್ಟುಕಟ್ಟಾಗಿ ಹಿಡಿದು ಒಟ್ಟಿಗೆ ಹೋಗಲಿ. ಈ ಬಿಲ್ಲುಗಳನ್ನು ಎಸೆಯಬೇಡಿ. ಇಂದಿನಿಂದಲೇ ಜೋಡಿಸಿಡಿ.